ಅದು ನಿನ್ನ ಕೈಗುಣ ಅಲ್ಲ

ಕುಪ್ಪೇಲೂರು
11 ಸೆಪ್ಟೆಂಬರ್ 2005, ರವಿವಾರ

ಪ್ರೀತಿಯ ಗದಿಗೆವ್ವಕ್ಕನಿಗೆ ಮಹಮೂದಾ ಮಾಡುವ ಸಲಾಮು.

ನೀನು ಈ ಊರು ಬಿಟ್ಟು ಬ್ಯಾಡಗಿಯ ತಮ್ಮನ ಮನೆ ಸೇರಿ ಬರುವ ದಸರೆಗೆ ಒಂದು ವರ್ಷವಾಗುತ್ತದೆ. ಇಷ್ಟು ದಿನ ನಾನು ಒಂದು ಸಾಲೂ ಬರೆಯಲಿಲ್ಲ. ಎರಡು ಸಲ ರಾಣೆಬೆನ್ನೂರಿನ ಎಸ್‌ಟಿಡಿ ಬೂತಿನಿಂದ ನಿನ್ನ ತಮ್ಮ ಕೊಟ್ರೇಶನ ಮನೆಯ ಪಕ್ಕದ ಅಂಗಡಿಗೆ ಫೋನು ಹಚ್ಚಿದ್ದೆ. ತಡೀರಿ, ಕರೀತೀನಿ ಎಂದು ಅಂಗಡಿಯವರು ಅನ್ನುವಷ್ಟರಲ್ಲಿ ಫೋನು ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ್ದರೆ ಆರಾಮಿದ್ದೀಯೇನಕ್ಕ ಅಂತ ನಾನು ಕೇಳುತ್ತಿದ್ದೆ, ಆರಾಮ ಅಂತ ನೀನು ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕಾದ ಮಾತು ಮತ್ತೆ ನನ್ನ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ನಿನಗೆ ಓದಲು ಬರುವುದಿಲ್ಲ. ಇಲ್ಲಿದ್ದಾಗ ನಿನ್ನ ಕಾಗದಗಳನ್ನು ಓದುತ್ತಿದ್ದವಳು ನಾನೇ. ಈ ಕಾಗದವನ್ನು ನಿನ್ನ ತಮ್ಮನ ಹೆಂಡತಿ ಭುವನಾ ಓದಿ ಹೇಳುತ್ತಾಳೆ ಅಂದುಕೊಂಡಿದ್ದೇನೆ. ಭುವನಾ, ನಾವಿಬ್ಬರೂ ಮುಖ ನೋಡಿದವರಲ್ಲ. ನಿನ್ನಲ್ಲಿ ಒಂದೇ ಮಾತು ಕೇಳುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೂ ನಡುವೆ ನಿಲ್ಲಿಸಬೇಡ. ಅಕ್ಕನಿಗೆ ನೋವಾಗುತ್ತದೆ ಅಂತ ಒಂದು ಸಾಲನ್ನೂ ಬಿಡಬೇಡ.

ಅಕ್ಕಾ, ಹೋದ ವರ್ಷ ಶ್ರಾವಣದಲ್ಲಿ ನಿನ್ನ ಹಿತ್ತಲಿನ ಕೋಳಿಮರಿಗಳಿಗೆ ಬಂದದ್ದು ಕೊಕ್ಕರೆ ರೋಗವಲ್ಲ. ಅದು ಕರುಳಿನ ಬೇನೆ, ರಕ್ತಭೇದಿ. ಅದಕ್ಕೆ ಔಷಧ ಇತ್ತು, ರಾಣೆಬೆನ್ನೂರಿನಲ್ಲೇ ಸಿಗುತ್ತಿತ್ತು. ನೀನು ಹುಗಿದ ಮರಿಗಳಲ್ಲಿ ಬಹಳಷ್ಟು ಬದುಕುತ್ತಿದ್ದವು. ಅಂದು ನನಗೆ ಇದು ಗೊತ್ತಿರಲಿಲ್ಲ. ಹದಿನೈದು ದಿನಕ್ಕೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ನಿನಗೆ ಹೇಳಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಮಹಿಳಾ ಸಂಘದಿಂದ ಕೋಳಿ ಸಾಕಣೆಯ ತರಬೇತಿಗೆ ಒಬ್ಬರನ್ನು ಹಾವೇರಿಗೆ ಕಳಿಸಬೇಕು ಅಂದಾಗ ನನ್ನ ಹೆಸರು ಹೇಳಿದವಳು ನೀನು. ಆಕೆ ಹತ್ತನೇ ಇಯತ್ತೆ ಪಾಸಾಗಿದ್ದಾಳೆ, ಬರೆದುಕೊಂಡು ಬರುತ್ತಾಳೆ, ನಮಗೆಲ್ಲ ಕಲಿಸುತ್ತಾಳೆ ಅಂದೆ. ನಮ್ಮ ಮನೆಯವರು ಮೂರು ದಿನ ಹಾವೇರಿಗೆ ಹೋಗಿಬರುವುದಕ್ಕೆ ಒಪ್ಪದಿದ್ದಾಗ, ನೀನೇ ಬಂದು ಅವರ ಮುಂದೆ ಕುಳಿತು ಒಪ್ಪಿಸಿದೆ. ಆ ಮೂರು ದಿನ ನನ್ನ ಮಕ್ಕಳಿಗೆ ಉಣ್ಣಿಸಿದವಳೂ ನೀನೇ.

ಮೊದಲ ಎರಡು ದಿನ ಚೆನ್ನಾಗಿ ಕಲಿತೆ. ಮರಿಗಳಿಗೆ ಕಾವು ಎಷ್ಟು ಬೇಕು, ಗೂಡು ಯಾವ ದಿಕ್ಕಿಗಿರಬೇಕು, ಕಾಳು ಎಷ್ಟು ಹಾಕಬೇಕು, ಎಲ್ಲ ಬರೆದುಕೊಂಡೆ. ಮೂರನೆಯ ದಿನ ರೋಗಗಳ ಪಾಠ. ಡಾಕ್ಟರು ಒಂದು ಸತ್ತ ಕೋಳಿಯನ್ನು ಮೇಜಿನ ಮೇಲೆ ಇಟ್ಟು ಹೊಟ್ಟೆ ಕೊಯ್ದರು. ಎಲ್ಲರೂ ಹತ್ತಿರ ಬರ್ರಿ, ಕರುಳು ನೋಡಿದರೇನೇ ಬೇನೆ ತಿಳಿಯೋದು ಅಂದರು. ನನಗೆ ಆ ವಾಸನೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದೆ. ನಳದ ಹತ್ತಿರ ವಾಂತಿ ಮಾಡಿಕೊಂಡು, ಬೇವಿನ ಮರದ ಕೆಳಗೆ ಸುಮ್ಮನೆ ಕುಳಿತೆ. ತಿರುಗಿ ಹೋದಾಗ ಪಾಠ ಮುಗಿದು ಚಹಾ ಕೊಡುತ್ತಿದ್ದರು. ಉಳಿದವರೆಲ್ಲ ನನಗಿಂತ ಕಡಿಮೆ ಓದಿದವರು, ಅವರೆಲ್ಲ ನಿಂತು ನೋಡಿದ್ದರು. ಅವರನ್ನು ಕೇಳಲು ನಾಚಿಕೆಯಾಯಿತು. ಡಾಕ್ಟರನ್ನು ಕೇಳಲು ಇನ್ನೂ ನಾಚಿಕೆ. ನನ್ನ ನೋಟುಬುಕ್ಕಿನಲ್ಲಿ ಆ ಪುಟ ಖಾಲಿ ಉಳಿಯಿತು. ಸಾಯಂಕಾಲ ಪ್ರಮಾಣಪತ್ರ ಕೊಟ್ಟರು, ತೆಗೆದುಕೊಂಡೆ.

ಊರಿಗೆ ಬಂದ ಮೇಲೆ ನೀವೆಲ್ಲ ನನ್ನನ್ನು ಕೋಳಿ ಡಾಕ್ಟರು ಅಂದಿರಿ. ತಮಾಷೆಗೆ ಅಂದದ್ದು ಇರಬಹುದು. ನನಗೆ ಮಾತ್ರ ಅದು ಸಿಹಿಯಾಗಿತ್ತು ಅಕ್ಕಾ. ನಮ್ಮ ಅತ್ತೆ ಕೂಡ ಬಂದವರ ಮುಂದೆ ಆ ಪ್ರಮಾಣಪತ್ರ ತೋರಿಸುತ್ತಿದ್ದರು.

ಆಷಾಢದಲ್ಲಿ ಸಂಘದವರಿಗೆ ಗಿರಿರಾಜ ತಳಿಯ ಕೋಳಿಮರಿಗಳು ಬಂದವು. ನಿನಗೆ ಇಪ್ಪತ್ತೈದು, ನನಗೆ ಇಪ್ಪತ್ತೈದು. ನಿನ್ನ ಅತ್ತೆ ಮಂಗಳವ್ವ ಮೊದಲಿನಿಂದಲೂ ಬೇಡ ಅನ್ನುತ್ತಿದ್ದರು. ಎರಡು ಕೂಸು ಕಳೆದುಕೊಂಡವಳ ಕೈಗೆ ಸಣ್ಣ ಜೀವ ಕೊಡಬಾರದು ಅನ್ನುವ ಮಾತು ಅವರ ಬಾಯಲ್ಲಿ ಎಷ್ಟು ಸಲ ಬಂದಿತ್ತೋ. ನಿನ್ನ ಗಂಡ ಅಜ್ಜಪ್ಪಣ್ಣ ನಿನ್ನ ಪರವಾಗಿ ಅಂದು ಒಂದೇ ಒಂದು ಮಾತಾಡಿದ, ಸಾಕ್ಲಿ ಬಿಡಬೇ ಅಂದ. ಆ ಮಾತಿನ ಮೇಲೆ ನೀನು ಸಾಕಿದೆ. ಮರಿಗಳು ಬಂದ ಮೇಲೆ ನಿನ್ನ ಮುಖವೇ ಬೇರೆಯಾಗಿತ್ತು. ಹೊಲದಿಂದ ಬಂದವಳು ನೀರೂ ಕುಡಿಯದೆ ಮೊದಲು ಹಿತ್ತಲಿಗೆ ಹೋಗುತ್ತಿದ್ದೆ. ನಿನ್ನ ದನಿ ಕೇಳಿ ಅಷ್ಟೂ ಮರಿ ಓಡಿಬರುವುದನ್ನು ನೋಡಲು ನನ್ನನ್ನು ಕರೆಯುತ್ತಿದ್ದೆ.

ಆ ವರ್ಷ ಶ್ರಾವಣದ ಜಿಟಿಜಿಟಿ ಮಳೆ ಎಂಟು ದಿನ ಬಿಡಲಿಲ್ಲ. ಗೂಡಿನೊಳಗೆ ಹಾಸಿದ್ದ ಶೇಂಗಾ ಹೊಟ್ಟು ಒದ್ದೆಯಾಗಿ ಗಟ್ಟಿಯಾಗಿತ್ತು. ನಿನ್ನ ಮನೆಯಲ್ಲೂ ಹಾಗೇ, ನನ್ನ ಮನೆಯಲ್ಲೂ ಹಾಗೇ. ಅದನ್ನು ತೆಗೆದು ಒಣಗಿದ್ದು ಹಾಕಬೇಕು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಶುಕ್ರವಾರ ಸಂಘದ ಸಭೆಯ ಹೊತ್ತಿಗೆ ನೀನು ಒಂದು ಮರಿಯನ್ನು ಸೆರಗಿನಲ್ಲಿ ಇಟ್ಟುಕೊಂಡು ಬಂದೆ. ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ಕುಳಿತಿತ್ತು ಅದು. ನಿನ್ನ ಸೀರೆಗೆ ರಕ್ತದ ಹಿಕ್ಕೆ ಹತ್ತಿತ್ತು. ಮುಂಜಾನೆ ಮೂರು ಸತ್ತಿವೆ, ಇನ್ನು ನಾಲ್ಕೈದು ಹೀಗೇ ಮೂಲೆಯಲ್ಲಿ ಮುದುಡಿ ಕುಳಿತಿವೆ, ಕಾಳು ಮುಟ್ಟುತ್ತಿಲ್ಲ, ನೀರು ಮಾತ್ರ ಕುಡಿಯುತ್ತಿವೆ ಅಂದೆ. ಏನಿದು ಅಂತ ಕೇಳಿದೆ. ಸಭೆಗೆ ಬಂದಿದ್ದ ಹನ್ನೆರಡು ಹೆಣ್ಣುಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

ನನಗೆ ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲಿಂದ ರಾಣೆಬೆನ್ನೂರಿಗೆ ಬಸ್ಸಿದೆ, ದನದ ದವಾಖಾನೆ ಇದೆ, ನಡಿ ತೋರಿಸೋಣ ಅಂದಿದ್ದರೂ ಆಗುತ್ತಿತ್ತು. ನಾನು ಆ ಮರಿಯನ್ನು ತೆಗೆದುಕೊಂಡು, ಡಾಕ್ಟರು ಹಿಡಿದ ಹಾಗೆ ಹಿಡಿದು, ಕೊಕ್ಕು ಬಿಡಿಸಿ ನೋಡಿದೆ. ಏನು ನೋಡುತ್ತಿದ್ದೇನೆ ಅನ್ನುವುದು ನನಗೇ ತಿಳಿದಿರಲಿಲ್ಲ. ನೆನಪಿದ್ದ ಹೆಸರು ಒಂದೇ, ಊರಿನವರೆಲ್ಲ ಹೆದರುವ ಹೆಸರು.

"ಕೊಕ್ಕರೆ ರೋಗ ಐತಿ. ಇದಕ್ಕ ಔಷಧಿಲ್ಲ. ಇಷ್ಟೂ ಹುಗದಬಿಡಬೇಕು, ಇಲ್ಲಾಂದ್ರ ಊರಾಗಿನ ಒಂದು ಕೋಳಿ ಉಳಿಯಂಗಿಲ್ಲ" ಅಂದೆ.

ನೀನು ಆ ಮರಿಯನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡೆ. ಆಮೇಲೆ ಕೇಳಿದೆ.

"ಮೇಯಾಕತ್ತಾವಲ್ಲ, ಅವನ್ನೂ ಹುಗೀಬೇಕೇನ ಮಹಮೂದಾ?"

ನಾನು ಹೂಂ ಅಂದೆ.

ಆ ಹೂಂ ಅಂದದ್ದು ನಾನು, ಅಕ್ಕಾ. ನಿನ್ನ ಹಿತ್ತಲಲ್ಲಿ ಮೊದಲಿನಿಂದ ಇದ್ದ ನಾಲ್ಕು ದೊಡ್ಡ ಕೋಳಿಗಳು ಆರಾಮಾಗಿ ಕೆದರುತ್ತಿದ್ದವು. ಕೊಕ್ಕರೆ ರೋಗವಾಗಿದ್ದರೆ ದೊಡ್ಡವನ್ನೂ ಬಿಡುತ್ತಿರಲಿಲ್ಲ. ಕುತ್ತಿಗೆ ತಿರುಚಿಕೊಳ್ಳುತ್ತಿದ್ದವು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ಹಿಕ್ಕೆ ಹಸಿರುಬಿಳುಪಾಗಿ ಬೀಳುತ್ತಿತ್ತು. ಇದ್ಯಾವುದೂ ಇರಲಿಲ್ಲ. ಸಣ್ಣ ಮರಿಗಳಿಗೆ ಮಾತ್ರ ಹೀಗೇಕೆ ಅಂತ ನಾನು ಒಂದು ಸಲವೂ ಯೋಚಿಸಲಿಲ್ಲ. ಮಾತು ಆಡಿಬಿಟ್ಟಿದ್ದೆ, ಅದನ್ನು ಉಳಿಸಿಕೊಳ್ಳುವುದೇ ನನಗೆ ದೊಡ್ಡದಾಗಿತ್ತು.

ಅಜ್ಜಪ್ಪಣ್ಣ ಗುಂಡಿ ತೋಡಿಕೊಟ್ಟು ಹೊರಗೆ ಹೋಗಿಬಿಟ್ಟ. ಅವನಿಂದ ನೋಡಲಾಗಲಿಲ್ಲ. ಮರಿಗಳ ಕುತ್ತಿಗೆ ಮುರಿದವಳು ನೀನೇ. ನಿನ್ನ ದನಿಗೆ ಓಡಿಬರುತ್ತಿದ್ದವಲ್ಲ, ಅಂದೂ ಹಾಗೆಯೇ ಓಡಿಬಂದವು, ನೀನು ಒಂದೊಂದನ್ನೇ ಹಿಡಿದೆ. ನಾನು ಬೇಲಿಯ ಆಚೆ ನಿಂತಿದ್ದೆ. ಒಳಗೆ ಬಂದು ಒಂದನ್ನಾದರೂ ನನ್ನ ಕೈಯಿಂದ ಕೊಲ್ಲಲಿಲ್ಲ. ಹೇಳುವುದಕ್ಕೆ ನಾನು, ಮಾಡುವುದಕ್ಕೆ ನೀನು. ಅಷ್ಟರಲ್ಲಿ ಮಂಗಳವ್ವ ಹಿಂಬಾಗಿಲಿಗೆ ಬಂದು ನಿಂತರು.

"ಈಕಿ ಕೈಯಾಗ ಯಾವ ಜೀವ ಉಳದೈತಿ? ನಾ ಮೊದಲ ಹೇಳಿದ್ದೆ" ಅಂದರು.

ನೀನು ಮಣ್ಣು ಎಳೆದು ಮುಚ್ಚಿ, ಕೈ ತೊಳೆದುಕೊಳ್ಳುತ್ತಲೇ ಇದ್ದೆ. ಮೂರು ಕೊಡ ನೀರು ಖಾಲಿಯಾದರೂ ತೊಳೆಯುತ್ತಲೇ ಇದ್ದೆ. ಅದು ಕೈಗುಣದ ಮಾತಲ್ಲ, ಬೇನೆಯ ಮಾತು ಅಂತ ನಾನು ಅಂದೇ ಅನ್ನಬಹುದಿತ್ತು. ಅನ್ನದೆ ಬೇಲಿ ಬಿಟ್ಟು ಮನೆಗೆ ನಡೆದೆ.

ಹದಿನೈದು ದಿನದೊಳಗೆ ನನ್ನ ಮರಿಗಳೂ ಅದೇ ರೀತಿ ಮುದುಡಿ ಕುಳಿತವು. ಗೂಡಿನ ಹೊಟ್ಟಿನ ಮೇಲೆ ರಕ್ತ. ಊರಿನವರಿಗೆ ಗೊತ್ತಾದರೆ ನನ್ನವನ್ನೂ ಹುಗಿಯಬೇಕಾಗುತ್ತದೆ ಅಂತ ಹೆದರಿಕೆಯಾಯಿತು. ನಿನ್ನವನ್ನು ಹುಗಿ ಅಂತ ಅಷ್ಟು ಸಲೀಸಾಗಿ ಹೇಳಿದವಳು, ನನ್ನವಾದಾಗ ಅಂದೇ ಬಸ್ಸು ಹತ್ತಿದೆ. ಸತ್ತದ್ದೊಂದು, ಜೀವ ಇದ್ದದ್ದೊಂದು ಕೈಚೀಲದಲ್ಲಿ ಹಾಕಿಕೊಂಡು ರಾಣೆಬೆನ್ನೂರಿನ ದನದ ದವಾಖಾನೆಗೆ ಹೋದೆ. ಊರಲ್ಲಿ ಕೇಳಿದವರಿಗೆ ನಮ್ಮ ಮನೆಯವರಿಗೆ ಬುತ್ತಿ ಕೊಡಲು ಹೊರಟಿದ್ದೇನೆ ಅಂದೆ. ಅವರು ದುಡಿಯುವ ಬೀಜದ ಗೋದಾಮು ಆ ಹಾದಿಯಲ್ಲೇ ಇದೆಯಲ್ಲ, ಯಾರೂ ಮತ್ತೆ ಕೇಳಲಿಲ್ಲ.

ಅಲ್ಲಿ ವಿಜಯಮಹಾಂತೇಶ ಅನ್ನುವ ಡಾಕ್ಟರಿದ್ದರು. ದವಾಖಾನೆಯ ಹಿಂದೆ ಹಳೆಯ ಪೇಪರು ಹಾಸಿ ಸತ್ತ ಮರಿಯ ಹೊಟ್ಟೆ ಕೊಯ್ದರು. ಈ ಸಲ ನಾನು ಓಡಲಿಲ್ಲ. ಕರುಳಿನ ಕೊನೆಯಲ್ಲಿ ಒಂದು ತುದಿ ಮುಚ್ಚಿದ ಎರಡು ಚೀಲಗಳಿರುತ್ತವೆ ಅಕ್ಕಾ. ಅವು ಎರಡೂ ಊದಿಕೊಂಡು ಕರಿಗೆಂಪಾಗಿದ್ದವು. ಕತ್ತರಿ ತಾಗಿಸಿದರೆ ಒಳಗೆ ಬರೀ ರಕ್ತ. ಡಾಕ್ಟರು ಕೇಳಿದ್ದು ಮೂರೇ ಮಾತು. ಸಣ್ಣವು ಮಾತ್ರ ಬಿದ್ದಿವೆಯೋ, ದೊಡ್ಡವೂ ಬಿದ್ದಿವೆಯೋ? ಹಾಸಿದ ಹೊಟ್ಟು ಒದ್ದೆ ಇದೆಯೋ? ನೀರಿನ ತಟ್ಟೆಯೊಳಗೆ ಹಿಕ್ಕೆ ಬೀಳುತ್ತದೆಯೋ? ಮೂರಕ್ಕೂ ಉತ್ತರ ಕೇಳಿ, ರಕ್ತಭೇದಿ ಅಂದರು. ಒದ್ದೆ ನೆಲದಲ್ಲಿ, ಒಂದರ ಹಿಕ್ಕೆ ಇನ್ನೊಂದರ ಬಾಯಿಗೆ ಹೋಗಿ ಹರಡುವ ಬೇನೆಯಂತೆ. ಯಾರ ದೃಷ್ಟಿಯೂ ಅಲ್ಲ, ಯಾರ ಕೈಯೂ ಅಲ್ಲ. ನೀರಿನಲ್ಲಿ ಕಲಸುವ ಪುಡಿ ಕೊಟ್ಟರು.

"ನಿಮ್ಮ ಊರಾಗ ಮತ್ತ ಯಾರ ಮನ್ಯಾಗರ ಹಿಂಗ ಆಗೈತೇನ್ರಿ?" ಅಂತ ಕೇಳಿದರು.

ಇಲ್ರಿ ಅಂದೆ.

ಯಾಕೆ ಹಾಗೆ ಅಂದೆ ಅಂತ ಎಷ್ಟೋ ದಿನ ಯೋಚಿಸಿದ್ದೇನೆ. ಆಗಿತ್ತು ಅಂದರೆ, ಏನು ಮಾಡಿದರು ಅಂತ ಅವರು ಕೇಳುತ್ತಿದ್ದರು. ನಾನೇ ಹುಗಿಸಿದೆ ಅಂತ ಹೇಳಬೇಕಾಗುತ್ತಿತ್ತು. ಬಸ್ಸಿನಲ್ಲಿ ಕುಪ್ಪೇಲೂರು ಬರುವವರೆಗೂ ಇಂದೇ ನಿನ್ನ ಮನೆಗೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಬಸ್ಸು ಇಳಿದು ಮನೆಗೆ ಹೋಗಿ ನೀರಿಗೆ ಪುಡಿ ಕಲಸಿದೆ.

ಐದು ದಿನ ಆ ನೀರೊಂದನ್ನೇ ಕುಡಿಸಿದೆ. ಒದ್ದೆ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ಸುಣ್ಣ ಹಾಕಿ, ಒಣಗಿದ ಹೊಟ್ಟು ಹಾಸಿದೆ. ನೀರಿನ ತಟ್ಟೆಯನ್ನು ಎರಡು ಇಟ್ಟಂಗಿಯ ಮೇಲೆ ಏರಿಸಿಟ್ಟೆ. ಆರು ಸತ್ತವು, ಹತ್ತೊಂಬತ್ತು ಉಳಿದವು. ಮೂರನೆಯ ದಿನಕ್ಕೇ ಕಾಳು ಹೆಕ್ಕಲು ಶುರುಮಾಡಿದವು.

ಊರಿಗೆ ಸುದ್ದಿಯಾಯಿತು. ನಿನ್ನ ಅತ್ತೆಯೇ ಬಂದು ನೋಡಿ, ನಿನ್ನ ಕೈಗುಣ ಛಲೋ ಐತವ್ವ ಅಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು.

ನೀನೂ ಬಂದೆ. ನನಗೆ ಇವತ್ತಿಗೂ ಮರೆಯಲಾಗದ್ದು ಅದೇ. ಒಳಗೆ ಬಾ ಅಂದರೆ ಬರಲಿಲ್ಲ. ಬೇಲಿಯ ಆಚೆಯೇ ನಿಂತು, ಇಲ್ಲಿಂದಲೇ ಕಾಣತಾವ ಬಿಡು ಅಂದೆ. ನಿನ್ನ ನೆರಳು ಮರಿಗಳ ಮೇಲೆ ಬೀಳಬಾರದು ಅಂತ ಪಕ್ಕಕ್ಕೆ ಸರಿದು ನಿಂತದ್ದನ್ನು ನಾನು ನೋಡಿದೆ. ನಿನ್ನ ಮುಖದಲ್ಲಿ ಹೊಟ್ಟೆಕಿಚ್ಚಿನ ಎಳೆಯೂ ಇರಲಿಲ್ಲ. ಉಳಿದವಲ್ಲ, ಪಾಡಾತು ಅಂದೆ. ಆಮೇಲೆ, ನಿನ್ನವು ಹೇಗೆ ಉಳಿದವು ಅಂತ ಕೇಳಿದೆ. ತಪ್ಪು ಹುಡುಕುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಕೇಳಿದೆ.

"ನನ್ನವಕ್ಕ ಬ್ಯಾರೆ ಬ್ಯಾನಿ ಇತ್ತಕ್ಕ" ಅಂದೆ ನಾನು.

ಅಷ್ಟೇ. ನೀನು ನಂಬಿದೆ. ನಂಬಿ, ನಿನ್ನ ಕೈಯನ್ನು ಒಂದು ಸಲ ನೋಡಿಕೊಂಡು ಹೋದೆ. ದಸರೆ ಮುಗಿಯುತ್ತಲೇ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಅಂತ ಬ್ಯಾಡಗಿಗೆ ಹೊರಟೆ. ನಾಲ್ಕು ತಿಂಗಳು ಅಂದಿದ್ದೆ. ಸುಗ್ಗಿ ಮುಗಿದರೂ ಬರಲಿಲ್ಲ. ಅಜ್ಜಪ್ಪಣ್ಣ ಎರಡು ಸಲ ಕರೆಯಲು ಬಂದಾಗಲೂ, ಆ ಮನೆಗೆ ನನ್ನ ಕಾಲು ಬೇಡ ಅಂತ ಕಳಿಸಿದೆಯಂತೆ. ಅವನು ತಿರುಗಿ ಬಂದ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ. ನಾನೇ ಮಾಡಿಕೊಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ಇಷ್ಟು ದಿನ ಮುಚ್ಚಿಟ್ಟವಳು ಈಗ ಯಾಕೆ ಬರೆಯುತ್ತಿದ್ದಾಳೆ ಅಂತ ನಿನಗೆ ಅನ್ನಿಸಬಹುದು. ಬ್ಯಾಡಗಿಗೆ ಕೊಟ್ಟ ನನ್ನ ತಂಗಿ ಶಾಹೀನ್ ಹೋದ ವಾರ ಬಂದಿದ್ದಳು. ಭುವನಾಗೆ ಹೆಣ್ಣು ಕೂಸು ಹುಟ್ಟಿದ್ದನ್ನು ಅವಳೇ ಹೇಳಿದಳು. ಕೂಸು ನೋಡಲು ನಿಮ್ಮ ಮನೆಗೆ ಬಂದಿದ್ದಳಂತೆ. ಭುವನಾ ಒಲೆಯ ಮುಂದಿದ್ದಳಂತೆ, ಕೂಸು ತೊಟ್ಟಿಲಲ್ಲಿ ಅಳುತ್ತಿತ್ತಂತೆ. ನೀನು ತೊಟ್ಟಿಲಿನ ಹಗ್ಗ ಜಗ್ಗುತ್ತ ಕುಳಿತಿದ್ದೆಯಂತೆ, ಎತ್ತಿಕೊಳ್ಳಲಿಲ್ಲವಂತೆ. ಎತ್ಕೋರಿ ಅಂತ ಶಾಹೀನ್ ಅಂದದ್ದಕ್ಕೆ ನೀನು ಹೇಳಿದ್ದನ್ನು ಅವಳು ಹಾಗೆಯೇ ನನಗೆ ಹೇಳಿದಳು.

"ಬ್ಯಾಡವಾ, ನನ್ನ ಕೈ ಛಲೋ ಅಲ್ಲ. ಎರಡು ತಿಂಗಳಾತು, ನಾ ಒಮ್ಮಿನೂ ಮುಟ್ಟಿಲ್ಲ."

ಅವಳು ಅದನ್ನು ಹೇಳಿ ಬೇರೆ ಮಾತಿಗೆ ಹೋದಳು. ನನಗೆ ಆಮೇಲೆ ಅವಳ ಮಾತು ಯಾವುದೂ ಕೇಳಿಸಲಿಲ್ಲ. ನಾನು ನಿನ್ನ ಮರಿಗಳನ್ನು ಕಳೆದೆ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದನ್ನು ಕಳೆದಿದ್ದೇನೆ.

ಗದಿಗೆವ್ವಕ್ಕಾ, ನಿನ್ನ ಕೈಯಲ್ಲಿ ಏನೂ ಇಲ್ಲ. ಆ ಮರಿಗಳು ಸತ್ತದ್ದು ಒದ್ದೆ ಹೊಟ್ಟಿನಿಂದ ಮತ್ತು ನನ್ನ ಸುಳ್ಳಿನಿಂದ. ನಿನ್ನ ಎರಡು ಕೂಸುಗಳ ಮಾತು ಆಡುವ ಯೋಗ್ಯತೆ ನನಗಿಲ್ಲ, ಆದರೂ ಆಡುತ್ತೇನೆ. ಒಂದು ಕೂಸು ತಿಂಗಳು ತುಂಬದೆ ಹುಟ್ಟಿತು, ಇನ್ನೊಂದು ಜ್ವರದಲ್ಲಿ ಹೋಯಿತು. ಅವನ್ನು ನೀನು ಎಷ್ಟು ಜೋಪಾನ ಮಾಡಿದ್ದೆ ಅನ್ನುವುದನ್ನು ನಾನು ಕಣ್ಣಾರೆ ಕಂಡವಳು. ನನ್ನ ಇಬ್ಬರು ಮಕ್ಕಳು ನಿನ್ನ ಕೈತುತ್ತು ಉಂಡು ಬೆಳೆದವರು. ಅವರಿಗೆ ಏನಾಗಿದೆ? ಮೊನ್ನೆ ದೊಡ್ಡವನು ಶಾಲೆಯಲ್ಲಿ ಓಟದ ಪಂದ್ಯ ಗೆದ್ದು ಬಂದ.

ಭುವನಾ, ಕೆಳಗಿನದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೋ. ಮರಿಗಳು ಮೂರು ವಾರ ದಾಟಿದ ಮೇಲೆ ಎರಡು ತಿಂಗಳವರೆಗೆ, ಅದರಲ್ಲೂ ಮಳೆಗಾಲದಲ್ಲಿ, ದಿನಾ ಮುಂಜಾನೆ ಹಿಕ್ಕೆ ನೋಡಬೇಕು. ಕೆಂಪು ಕಂಡರೆ, ರೆಕ್ಕೆ ಜೋತುಬಿಟ್ಟು ಗುಂಪು ಬಿಟ್ಟು ಕುಳಿತದ್ದು ಕಂಡರೆ, ಅವನ್ನು ಬೇರೆ ಇಡಬೇಕು, ಅಂದೇ ದವಾಖಾನೆಗೆ ತೋರಿಸಬೇಕು. ಪುಡಿಯ ಅಳತೆ ಅವರೇ ಹೇಳುತ್ತಾರೆ, ಎರಡು ದಿನಕ್ಕೆ ಚೇತರಿಸಿಕೊಂಡವು ಅಂತ ನಡುವೆ ಬಿಡಬಾರದು. ಕೆಳಗಿನ ಹೊಟ್ಟು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆಯಾದರೆ ಒದ್ದೆಯಿದೆ ಅಂತ ಅರ್ಥ. ಬೇನೆ ಯಾವುದು ಅಂತ ಗೊತ್ತಾಗದಿದ್ದರೆ ಸತ್ತ ಮರಿಯನ್ನೇ ಒಯ್ದು ಕೊಡಬೇಕು. ಇದನ್ನು ನಾನು ಹೋದ ವರ್ಷವೇ ನಿನ್ನ ಅತ್ತಿಗೆಯ ಮುಂದೆ ಹೇಳಬೇಕಿತ್ತು.

ಅಕ್ಕಾ, ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತಿದೆ. ನೀನು ಸಿಟ್ಟಾಗಬೇಕು. ನನ್ನ ಮೇಲೆ ಸಿಟ್ಟಾದರೆ ನಿನ್ನ ಮೇಲಿನ ಸಿಟ್ಟು ಹೋದೀತು. ಕಾಗದ ಓದಿ ಮುಗಿದ ಮೇಲೆ ಭುವನಾ ಕೂಸನ್ನು ನಿನ್ನ ಕೈಗೆ ಕೊಡಲಿ. ಬೇಡ ಅನ್ನಬೇಡ.

ಇಂತಿ,
ನಿನ್ನ ಮುಂದೆ ಮುಖ ಎತ್ತಲಾರದ
ಮಹಮೂದಾ

ತಾ.ಕ.: 25 ಸೆಪ್ಟೆಂಬರ್, ರವಿವಾರ. ಈ ಕಾಗದ ಬರೆದು ಎರಡು ವಾರ ಟ್ರಂಕಿನಲ್ಲಿ ಇಟ್ಟಿದ್ದೆ. ನಿನಗೆ ಮಾತ್ರ ಹೇಳಿ ಊರಿನಲ್ಲಿ ಡಾಕ್ಟರಾಗಿಯೇ ಉಳಿಯಬಹುದು ಅನ್ನುವ ಆಸೆ ಇನ್ನೂ ಒಳಗಿತ್ತು, ಅದಕ್ಕೇ ಟಪಾಲಿಗೆ ಹಾಕಲು ಕೈ ಬರಲಿಲ್ಲ. ಮೊನ್ನೆ ಶುಕ್ರವಾರ ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅಲ್ಲಿಂದ ನೇರ ನಿನ್ನ ಅತ್ತೆಯ ಹತ್ತಿರ ಹೋದೆ. ಪೂರ್ತಿ ಕೇಳಿದರು. ಗೋಡೆಗೆ ಒರಗಿ ಕುಳಿತರು.

"ನೀ ಹೇಳದಿದ್ರ ನಾ ಆಕಿನ್ನ ಹಂಗ ಅನಕೋತನ ಸಾಯ್ತಿದ್ನೆಲ್ಲ" ಅಂದರು.

ಆಮೇಲೆ, ಗದಿಗೆವ್ವ ಬಾ ಅಂತ ತಮ್ಮ ಹೆಸರಿನಲ್ಲಿ ಎರಡು ಸಾಲು ಬರಿ ಅಂದರು. ನಾನು ಬರೆಯಲಿಲ್ಲ. ಆ ಮಾತನ್ನು ನಿಮ್ಮ ಬಾಯಿಂದಲೇ ಹೇಳಬೇಕು ಅಂದೆ. ಮುಂದಿನ ವಾರ, ಅಕ್ಟೋಬರ್ 4ರ ಮಂಗಳವಾರ, ಅಜ್ಜಪ್ಪಣ್ಣನ ಜೊತೆ ರಾಣೆಬೆನ್ನೂರಿನಿಂದ ಮುಂಜಾನೆಯ ರೈಲಿಗೆ ಬರುತ್ತಿದ್ದಾರೆ. ಮಾತಾಡುವುದೋ ಬಿಡುವುದೋ, ಅವರ ಜೊತೆ ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನ್ನನ್ನೂ ಕರೆದರು. ನಾನು ಬರುವುದಿಲ್ಲ ಅಂದೆ. ನೀನು ಕರೆಯುವವರೆಗೆ ನಾನು ಬರಬಾರದು.